ರಗ್ಬಿಯಲ್ಲಿ ಯಾರು ದೊಡ್ಡವರು? ಮೊದಲು ಅಂಗಿಯ ನಂಬರ್ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ರಗ್ಬಿ ನೋಡುವವರು ಬೆರಳೆಣಿಕೆಯಷ್ಟು. ಇದ್ದವರೂ ಪೂರ್ತಿ ಮ್ಯಾಚ್ ನೋಡುವುದು ಅಪರೂಪ. ಮೊಬೈಲಿಗೆ ಅರ್ಧ ನಿಮಿಷದ ತುಣುಕು ಬರುತ್ತದೆ. ಯಾರೋ ಒಬ್ಬ ನಾಲ್ಕು ಜನರನ್ನು ಕೆಡವಿ ಓಡಿಹೋಗುತ್ತಾನೆ. ಅದನ್ನು ಗೆಳೆಯರಿಗೆ ಕಳಿಸುತ್ತೇವೆ, ಅಲ್ಲಿಂದ ಜಗಳ ಶುರು. ಲೋಮು ದೊಡ್ಡವನಾ, ಡ್ಯುಪಾನ್ ದೊಡ್ಡವನಾ? ಕಾರ್ಟರ್ ಮುಂದೆ ವಿಲ್ಕಿನ್ಸನ್ ಎಷ್ಟರವನು?

ಈ ಪ್ರಶ್ನೆಗೆ ಉತ್ತರ ಸಿಗದಿರಲು ಕಾರಣ ಇದೆ. ನಾವು ಬೇರೆ ಬೇರೆ ಕೆಲಸ ಮಾಡುವವರನ್ನು ಒಂದೇ ತಕ್ಕಡಿಗೆ ಹಾಕುತ್ತಿದ್ದೇವೆ. ಹೊಸದಾಗಿ ರಗ್ಬಿ ನೋಡಲು ಕೂತವರು ಯಾರನ್ನು ಹುಡುಕಿ ನೋಡಬೇಕು, ಇಬ್ಬರನ್ನು ಹೋಲಿಸುವಾಗ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದಷ್ಟೇ ಇಲ್ಲಿಯ ವಿಷಯ. ನಾನು ಹೇಳುತ್ತಿರುವುದು 15 ಜನರ ರಗ್ಬಿ ಯೂನಿಯನ್ ಬಗ್ಗೆ, ಅದರಲ್ಲೂ ದೇಶದ ಅಂಗಿ ತೊಟ್ಟು ಆಡಿದ ಪಂದ್ಯಗಳ ಬಗ್ಗೆ. ಅವನ್ನು ಅಲ್ಲಿಯೂ ಟೆಸ್ಟ್ ಅಂತಲೇ ಕರೆಯುತ್ತಾರೆ.

ನಿಯಮ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. 40 ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಮುಂದೆ ಹೋಗಬೇಕೆಂದರೆ ಹಿಡಿದು ಓಡಬೇಕು, ಇಲ್ಲಾ ಒದೆಯಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ 5 ಅಂಕ. ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2. ಪೆನಾಲ್ಟಿಗೆ 3. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುತ್ತಿದ್ದಂತೆ ಒದೆಯುವ ಡ್ರಾಪ್ ಗೋಲ್‌ಗೂ 3.

ಇನ್ನು ನಂಬರ್ ವಿಷಯ. ಕ್ರಿಕೆಟ್‌ನಲ್ಲಿ ಅಂಗಿಯ ನಂಬರ್ ಆಟಗಾರನ ಇಷ್ಟ. ಇಲ್ಲಿ ನಂಬರ್ ಅಂದರೆ ಕೆಲಸ. 1, 2, 3 ಸ್ಕ್ರಮ್‌ನ, ಅಂದರೆ ಎರಡೂ ಕಡೆಯವರು ಗುಂಪಾಗಿ ಬಗ್ಗಿ ಭುಜ ಕೊಟ್ಟು ತಳ್ಳಾಡುವುದರ, ಮುಂದಿನ ಸಾಲು. 4 ಮತ್ತು 5 ಎತ್ತರದ ಲಾಕ್‌ಗಳು. 6, 7, 8 ಮೈದಾನ ತುಂಬ ಓಡಾಡಿ ಕೆಡವುವವರು, ಚೆಂಡು ಕಸಿಯುವವರು. 9 ಸ್ಕ್ರಮ್-ಹಾಫ್, ಬಿದ್ದವರ ರಾಶಿಯಿಂದ ಚೆಂಡು ತೆಗೆದು ಹಂಚುವವನು. 10 ಫ್ಲೈ-ಹಾಫ್, ಆಟ ನಡೆಸುವವನು. 12, 13 ನಡುವಿನವರು. 11 ಮತ್ತು 14 ಅಂಚಿನಲ್ಲಿ ಓಡುವ ವಿಂಗ್‌ಗಳು. 15 ಹಿಂದೆ ನಿಂತು ಕಾಯುವವನು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನ್ಯೂಜಿಲೆಂಡ್‌ನ ಓವನ್ ಫ್ರಾಂಕ್ಸ್ 108 ಟೆಸ್ಟ್ ಆಡಿದ, ಎರಡು ವಿಶ್ವಕಪ್ ಗೆದ್ದ, ಒಂದೇ ಒಂದು ಟ್ರೈ ಹೊಡೆಯಲಿಲ್ಲ. ಅಂಕ ಮಾತ್ರ ನೋಡುವವರಿಗೆ ಅವನು ಸೊನ್ನೆ. ಆದರೆ ಅವನ ನಂಬರ್ 3. ಸ್ಕ್ರಮ್ ಕುಸಿಯದಂತೆ ಬಲಗಡೆ ಹಿಡಿದು ನಿಲ್ಲುವುದು ಅವನ ಕೆಲಸ. ಅದನ್ನು 108 ಸಲ ಮಾಡಿಸಿಕೊಂಡರು ಅಂದರೆ ಸುಮ್ನೆ ಮಾಡಿಸಿಕೊಂಡಿರುವುದಿಲ್ಲ ಅಲ್ವಾ?

10ರ ಜಗಳ: ಕಾರ್ಟರ್ ಮತ್ತು ವಿಲ್ಕಿನ್ಸನ್

ಎಲ್ಲ ಪಟ್ಟಿಗಳಲ್ಲೂ ಮೇಲೆ ಕಾಣುವುದು ಈ 10ರವರೇ, ಯಾಕೆಂದರೆ ತಂಡದ ಪೆನಾಲ್ಟಿ, ಕನ್ವರ್ಷನ್ ಹೆಚ್ಚಾಗಿ ಇವರೇ ಒದೆಯುತ್ತಾರೆ. ನ್ಯೂಜಿಲೆಂಡ್‌ನ ಡ್ಯಾನ್ ಕಾರ್ಟರ್ 112 ಟೆಸ್ಟ್‌ಗಳಲ್ಲಿ 1,598 ಅಂಕ ಗಳಿಸಿದ್ದಾನೆ. ಅದು ವಿಶ್ವದಾಖಲೆ. ಇಂಗ್ಲೆಂಡ್‌ನ ಜಾನಿ ವಿಲ್ಕಿನ್ಸನ್ ಇಂಗ್ಲೆಂಡ್ ಮತ್ತು ಲಯನ್ಸ್ (ಬ್ರಿಟನ್-ಐರ್ಲೆಂಡ್‌ನ ಜಂಟಿ ತಂಡ) ಎರಡೂ ಸೇರಿ 1,246. ಪಂದ್ಯಕ್ಕೆ ಸರಾಸರಿ ತೆಗೆದರೆ ಕಾರ್ಟರ್‌ನದು 14 ದಾಟುತ್ತದೆ, ವಿಲ್ಕಿನ್ಸನ್‌ನದು 13ರ ಹತ್ತಿರ ನಿಲ್ಲುತ್ತದೆ. ಇದು ದೊಡ್ಡ ಅಂತರವೇನಲ್ಲ.

ಅಂತರ ಇರುವುದು ಬೇರೆ ಕಡೆ. ಕಾರ್ಟರ್ 29 ಟ್ರೈ ಹೊಡೆದ, ವಿಲ್ಕಿನ್ಸನ್‌ನ ಟ್ರೈಗಳು ಹತ್ತು ಮುಟ್ಟಲಿಲ್ಲ. ಕಾರ್ಟರ್ ಚೆಂಡು ಹಿಡಿದು ನಿಂತರೆ ಎದುರಿನ ಕಾವಲುಗಾರ ಮೂರು ಅನುಮಾನದಲ್ಲಿ ಸಿಕ್ಕಿಕೊಳ್ಳುತ್ತಿದ್ದ: ಒದೆಯುತ್ತಾನಾ, ಪಾಸ್ ಕೊಡುತ್ತಾನಾ, ನನ್ನ ಪಕ್ಕದಲ್ಲೇ ನುಸುಳುತ್ತಾನಾ? 2005ರಲ್ಲಿ ವೆಲ್ಲಿಂಗ್ಟನ್‌ನಲ್ಲಿ ಲಯನ್ಸ್ ಮೇಲೆ ಅವನು ಒಬ್ಬನೇ 33 ಅಂಕ ಮಾಡಿದ. ಎರಡು ಟ್ರೈ, ನಾಲ್ಕು ಕನ್ವರ್ಷನ್, ಐದು ಪೆನಾಲ್ಟಿ. 10ನೇ ನಂಬರ್ ಅಂಗಿಯ ಕೆಲಸ ಏನೇನು ಅಂತ ತಿಳಿಯಬೇಕಾದವರು ಆ ಒಂದು ಪಂದ್ಯ ನೋಡಿದರೆ ಸಾಕು.

ವಿಲ್ಕಿನ್ಸನ್ ಬೇರೆ ಜಾತಿಯ ಆಟಗಾರ. ಒದೆಯುವ ಮೊದಲು ಸ್ವಲ್ಪ ಬಗ್ಗಿ, ಎರಡೂ ಅಂಗೈ ಮುಂದೆ ಜೋಡಿಸಿ, ಒಮ್ಮೆ ಕಂಬ ಒಮ್ಮೆ ಚೆಂಡು ನೋಡುತ್ತಾ ನಿಲ್ಲುವ ಅವನ ಭಂಗಿ ಪ್ರಸಿದ್ಧ. 10ರವರು ಸಾಮಾನ್ಯವಾಗಿ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಕೆಲಸ, ತಪ್ಪಿಸಿಕೊಳ್ಳುವ ಕಾಲದಲ್ಲಿ ಇವನು ತನಗಿಂತ ದಪ್ಪನೆಯವರಿಗೆ ಹೋಗಿ ಭುಜ ಕೊಡುತ್ತಿದ್ದ. ಅದರ ಬೆಲೆಯನ್ನೂ ತೆತ್ತ. 2003ರ ವಿಶ್ವಕಪ್ ಗೆದ್ದ ಮೇಲೆ ಒಂದರ ಹಿಂದೆ ಒಂದು ಗಾಯ, ಇಂಗ್ಲೆಂಡ್ ಪರ ಮತ್ತೆ ಆಡಿದ್ದು 2007ರಲ್ಲಿ. ಅದೇ ವರ್ಷ ತಂಡವನ್ನು ಮತ್ತೆ ಫೈನಲ್‌ಗೆ ತಂದ. ಟೆಸ್ಟ್‌ಗಳಲ್ಲಿ 36 ಡ್ರಾಪ್ ಗೋಲ್, ವಿಶ್ವಕಪ್‌ಗಳಲ್ಲಿ 277 ಅಂಕ, ಎರಡೂ ದಾಖಲೆ.

2003ರ ಫೈನಲ್ ಸಿಡ್ನಿಯಲ್ಲಿ. ಆಸ್ಟ್ರೇಲಿಯಾ ಜೊತೆ 17-17. ಹೆಚ್ಚುವರಿ ಸಮಯದ ಕೊನೆಯ ನಿಮಿಷ. ವಿಲ್ಕಿನ್ಸನ್ ಎಡಗಾಲಿನವನು, ಆದರೆ ಚೆಂಡು ಬಂದಾಗ ಎಡಗಾಲಿಗೆ ಅನುಕೂಲ ಇರಲಿಲ್ಲ. ಬಲಗಾಲಿನಲ್ಲೇ ಒದ್ದ. ಇಂಗ್ಲೆಂಡ್ 20-17. ಕಾರ್ಟರ್ ಕೂಡ ಎಡಗಾಲಿನವನೇ. 2015ರ ಫೈನಲ್‌ನಲ್ಲಿ ಗೆಲುವು ಖಚಿತವಾದ ಮೇಲೆ ಕೊನೆಯ ಕನ್ವರ್ಷನ್ ಬಲಗಾಲಿನಲ್ಲಿ ಒದ್ದು ಹೊರಟ. ಒಬ್ಬನದು ಅನಿವಾರ್ಯ, ಇನ್ನೊಬ್ಬನದು ಮೋಜು. ನನಗೆ ಇಬ್ಬರ ಸ್ವಭಾವವೂ ಈ ಎರಡು ಒದೆತದಲ್ಲೇ ಕಾಣುತ್ತದೆ.

ಕಾರ್ಟರ್ ವಿರುದ್ಧ ಒಂದು ಮಾತು ಹೇಳುವವರಿದ್ದಾರೆ, ಅದನ್ನೂ ಕೇಳಬೇಕು. 2007ರ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ಎದುರು ಗಾಯಗೊಂಡು ಹೊರಗೆ ಬಂದ, ತಂಡ ಸೋತಿತು. 2011ರಲ್ಲಿ ಅಭ್ಯಾಸದ ವೇಳೆ ಗಾಯವಾಗಿ ಮನೆಗೆ ಹೋದ, ತಂಡ ಅವನಿಲ್ಲದೆ ಕಪ್ ಗೆದ್ದಿತು. ಅಂದರೆ ಅವನ ಹೆಸರಿಗೆ ನಿಜವಾಗಿ ನಿಲ್ಲುವ ವಿಶ್ವಕಪ್ 2015ರದ್ದು ಒಂದೇ. ಆದರೆ ಆ ಫೈನಲ್‌ನ 34 ಅಂಕಗಳಲ್ಲಿ 19 ಅವನವು. ನನ್ನ ಲೆಕ್ಕದಲ್ಲಿ 10ರ ಅಂಗಿಗೆ ಕಾರ್ಟರ್ ಮೊದಲು. ಒಂದೇ ಒಂದು ಒದೆತಕ್ಕೆ ನನ್ನ ಮನೆ ಪಣಕ್ಕಿಟ್ಟರೆ ಮಾತ್ರ ವಿಲ್ಕಿನ್ಸನ್‌ನನ್ನು ಕರೆಯುತ್ತೇನೆ.

ಐರ್ಲೆಂಡ್‌ನ ಜಾನಿ ಸೆಕ್ಸ್‌ಟನ್‌ನನ್ನು ಇವರಿಬ್ಬರ ನಡುವೆ ಜನ ಮರೆಯುತ್ತಾರೆ. 2018ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಮೇಲೆ ಐರ್ಲೆಂಡ್ ಹಿಂದಿತ್ತು, ಸಮಯ ಮುಗಿದಿತ್ತು. 41 ಸಲ ಬಿದ್ದು ಎದ್ದು ಚೆಂಡು ಉಳಿಸಿಕೊಂಡು ಬಂದರು, ಕೊನೆಗೆ ಇವನು ಬಲು ದೂರದಿಂದ ಡ್ರಾಪ್ ಗೋಲ್ ಹೊಡೆದ. 15-13. ಆ ವರ್ಷ ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿ ಅವನಿಗೇ ಬಂತು.

7ರ ಅಂಗಿ: ಗೆದ್ದವನೇ ದೊಡ್ಡವನಾ?

ನ್ಯೂಜಿಲೆಂಡ್‌ನ ರಿಚಿ ಮೆಕಾ ಲೆಕ್ಕ ನೋಡಿದರೆ ತಲೆ ತಿರುಗುತ್ತದೆ. 148 ಟೆಸ್ಟ್, 131 ಗೆಲುವು. 110 ಪಂದ್ಯಗಳಿಗೆ ನಾಯಕ. 2011 ಮತ್ತು 2015, ಎರಡೂ ವಿಶ್ವಕಪ್ ಎತ್ತಿದ. ಮೊದಲನೆಯದನ್ನು ಪಾದದ ಮೂಳೆ ಮುರಿದುಕೊಂಡೇ ಆಡಿದ. ಶ್ರೇಷ್ಠ ಆಟಗಾರ ಪ್ರಶಸ್ತಿ ಮೂರು ಸಲ.

ಆದರೂ ತುಣುಕು ನೋಡುವವರಿಗೆ ಅವನು ಕಾಣುವುದಿಲ್ಲ. ಅವನ ಕೆಲಸ ನಡೆಯುವುದು ರಾಶಿಯ ಅಡಿಯಲ್ಲಿ. ಎದುರಾಳಿ ಚೆಂಡು ಹಿಡಿದು ಬಿದ್ದ ಅನ್ನಿ. ಬಿದ್ದವನು ಚೆಂಡು ಬಿಡಬೇಕು. ಕೆಡವಿದವನೂ ಅವನನ್ನು ಬಿಟ್ಟು, ಎದ್ದು, ತನ್ನ ಕಾಲ ಮೇಲೆ ತಾನು ನಿಂತು, ಆಮೇಲೆ ಚೆಂಡಿಗೆ ಕೈ ಹಾಕಬಹುದು. ಬಿದ್ದವನ ಕಡೆಯವರು ಬಂದು ತಳ್ಳುವುದರೊಳಗೆ ಇದೆಲ್ಲ ಆಗಬೇಕು. ಸಿಗುವ ಸಮಯ ಒಂದೆರಡು ಸೆಕೆಂಡ್. ಕೈ ಬಿದ್ದ ಮೇಲೆ ಬಿದ್ದವನು ಚೆಂಡು ಬಿಡದಿದ್ದರೆ ಪೆನಾಲ್ಟಿ, ಬಿಟ್ಟರೆ ಚೆಂಡು ಇವನದು.

ಧಾರವಾಡದಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುವ ಹಿರಿಯರೊಬ್ಬರಿಗೆ ಮೆಕಾ ಆಟ ತೋರಿಸಿದೆ. "ಕಾಕಾ, ಇಂವನ್ನ ನೋಡ್ರಿ" ಅಂದೆ. ಅವರು ಚೆಂಡಿನ ಕಡೆ ನೋಡಲೇ ಇಲ್ಲ. "ಆ ಹುಡುಗನ ಕಾಲ್ ನೋಡೋ ತಮ್ಮಾ. ಕೆಡವಿದ ಕೂಡಲೇ ಹೆಂಗ್ ಎದ್ದು ನಿಂತಾ! ನಮ್ಮ ಹುಡುಗ್ರು ಹಿಡದ ಮ್ಯಾಲ ಅಲ್ಲೇ ಮಲಗತಾವು" ಅಂದರು. ರಗ್ಬಿಯ ಒಂದು ನಿಯಮವೂ ಗೊತ್ತಿಲ್ಲದವರು ಮೆಕಾ ಯಾಕೆ ದೊಡ್ಡವನು ಅಂತ ಒಂದೇ ನೋಟಕ್ಕೆ ಹೇಳಿಬಿಟ್ಟರು. ಎದುರಾಳಿ ದೇಶಗಳ ಪ್ರೇಕ್ಷಕರು ಮಾತ್ರ ಅವನು ಸದಾ ಆಫ್‌ಸೈಡ್, ರೆಫರಿಗಳು ಅವನಿಗೆ ಹೆದರುತ್ತಾರೆ ಅಂತ ಕೂಗಿದ್ದೇ ಕೂಗಿದ್ದು. ಗೆರೆ ಎಲ್ಲಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದರ ಮೇಲೇ ನಿಲ್ಲುತ್ತಿದ್ದ, ಅಷ್ಟೇ.

ಇಲ್ಲಿ ಒಂದು ಎಡವಟ್ಟು ಪ್ರಶ್ನೆ ಏಳುತ್ತದೆ. 131 ಗೆಲುವು ಮೆಕಾದೋ, ಅವನ ತಂಡದ್ದೋ? ಕಾರ್ಟರ್, ಕೀರನ್ ರೀಡ್, ಬ್ರೋಡಿ ರೆಟಾಲಿಕ್ ಪಕ್ಕದಲ್ಲಿ ಆಡುವಾಗ ಗೆಲ್ಲುವುದು ಒಂದು. ಇಟಲಿಯ ಸೆರ್ಜಿಯೋ ಪಾರಿಸೆ ಹಾಗೆ ಆಡುವುದು ಇನ್ನೊಂದು. ಪಾರಿಸೆಯದು ನಂಬರ್ 8. 142 ಟೆಸ್ಟ್ ಆಡಿದ. 100ಕ್ಕಿಂತ ಜಾಸ್ತಿ ಸೋತ. ಹೌದು, ನೂರಕ್ಕಿಂತ ಜಾಸ್ತಿ. ಅಷ್ಟು ಸೋತವನ ಹೆಸರು ಶ್ರೇಷ್ಠ ಆಟಗಾರ ಪ್ರಶಸ್ತಿಯ ಅಂತಿಮ ಪಟ್ಟಿಗೆ ಎರಡು ಸಲ ಹೋಗಿತ್ತು. ತಂಡ 40 ಅಂಕ ಹಿಂದೆ ಬಿದ್ದಾಗಲೂ ಅವನ ಕೈಯಿಂದ ಹೊರಡುವ ಆ ಮೆತ್ತನೆಯ ಪಾಸ್‌ಗಳನ್ನು ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಹಾಗಾಗಿ ಮುಂದಿನ ಸಲ ಯಾರಾದರೂ ಕಪ್ ಎಣಿಸಿ ಆಟಗಾರನ ಬೆಲೆ ಕಟ್ಟಿದರೆ ಪಾರಿಸೆ ಹೆಸರು ಹೇಳಿ ನೋಡಿ.

ಹಾಗಂತ ನಾನು ಪಾರಿಸೆಯನ್ನು ಮೆಕಾ ಮೇಲಿಡುವುದಿಲ್ಲ. ಮೆಕಾ ವರ್ಷಕ್ಕೆ ವರ್ಷ ತನ್ನ ಆಟ ಬದಲಿಸಿಕೊಂಡ. ಕಾಲಿನ ವೇಗ ಇಳಿದ ಮೇಲೆ ಕಸಿಯುವುದು ಕಡಿಮೆ ಮಾಡಿ ಟ್ಯಾಕಲ್ ಹೆಚ್ಚಿಸಿದ. ಚೆಂಡು ಕಸಿಯುವುದೊಂದರಲ್ಲೇ ನೋಡಿದರೆ ಆಸ್ಟ್ರೇಲಿಯಾದ ಡೇವಿಡ್ ಪೋಕಾಕ್ ಅವನಿಗೆ ಸಮ, ಕೆಲವು ಪಂದ್ಯಗಳಲ್ಲಿ ಮೇಲೂ ಹೌದು. ಪೋಕಾಕ್ ಆಟ ಬಿಟ್ಟ ಮೇಲೆ 2022ರಲ್ಲಿ ಆಸ್ಟ್ರೇಲಿಯಾದ ಸೆನೆಟ್‌ಗೆ ಆಯ್ಕೆಯಾದ. ಬಗ್ಗಿ ಕೂತರೆ ಎಬ್ಬಿಸಲು ಆಗದವನನ್ನು ಸಂಸತ್ತಿಗೆ ಕಳಿಸಿದ್ದಾರೆ.

ಈಗಿನವರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್-ಸ್ಟೆಫ್ ಡು ಟಾಯ್ಟ್. ಎತ್ತರ 2 ಮೀಟರ್. ಅಷ್ಟು ಎತ್ತರದವನು ಮೊಣಕಾಲಿನ ಮಟ್ಟಕ್ಕೆ ಬಗ್ಗಿ ಎದುರಾಳಿಯ ತೊಡೆಗೆ ಭುಜ ಕೊಡುವುದನ್ನು ನಿಧಾನಗತಿಯಲ್ಲಿ ನೋಡಬೇಕು. ತಲೆ ಪಕ್ಕಕ್ಕೆ, ಕೆನ್ನೆ ಎದುರಾಳಿಯ ಮೈಗೆ ಒತ್ತಿರುತ್ತದೆ, ಎರಡೂ ತೋಳು ಹಿಂದಿನಿಂದ ಕೂಡುತ್ತವೆ, ಕಾಲು ಮಾತ್ರ ಓಡುತ್ತಲೇ ಇರುತ್ತದೆ. 2020ರಲ್ಲಿ ಕಾಲಿಗೆ ಬಿದ್ದ ಪೆಟ್ಟಿನಿಂದ ಒಳಗೆ ಒತ್ತಡ ಏರಿ, ಕಾಲನ್ನೇ ತೆಗೆಯಬೇಕಾದ ಹಂತಕ್ಕೆ ಹೋಗಿತ್ತು. ಅದೇ ಮನುಷ್ಯ 2023ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ 28 ಟ್ಯಾಕಲ್ ಮಾಡಿದ. ದಕ್ಷಿಣ ಆಫ್ರಿಕಾ ಗೆದ್ದದ್ದು 12-11, ಒಂದೇ ಅಂಕದಲ್ಲಿ. ಪಂದ್ಯದ ಆಟಗಾರ ಅವನೇ. 2019 ಮತ್ತು 2024ರ ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನದೇ.

9: ಈಗಿನ ಕಾಲದ ರಾಜ

ಆಂಟ್ವಾನ್ ಡ್ಯುಪಾನ್. ಫ್ರಾನ್ಸ್. ಎತ್ತರ ಸುಮಾರು 1.75 ಮೀಟರ್, ಅಂದರೆ ನಮ್ಮ ಯಾವ ಕಾಲೇಜಿನ ವಾಲಿಬಾಲ್ ಟೀಮಿಗೂ ಗಿಡ್ಡ. ಸ್ಕ್ರಮ್-ಹಾಫ್‌ಗಳಲ್ಲಿ ಒಬ್ಬೊಬ್ಬರದು ಒಂದೊಂದು ಬಲ. ನ್ಯೂಜಿಲೆಂಡ್‌ನ ಏರನ್ ಸ್ಮಿತ್‌ನದು ಪಾಸ್: ನೆಲದಿಂದ ಎತ್ತಿದ್ದೇ ಕಾಣದು, ಚೆಂಡು ಆಗಲೇ ಇನ್ನೊಬ್ಬನ ಕೈಯಲ್ಲಿ. ದಕ್ಷಿಣ ಆಫ್ರಿಕಾದ ಫಾಫ್ ಡಿ ಕ್ಲರ್ಕ್‌ನದು ರಾಶಿಯ ಹಿಂದಿನಿಂದ ಎತ್ತರಕ್ಕೆ ಒದೆಯುವುದು ಮತ್ತು ಜಗಳಗಂಟತನ. 2019ರಲ್ಲಿ ಕಪ್ ಗೆದ್ದ ದಿನ ಡ್ರೆಸ್ಸಿಂಗ್ ರೂಮಿಗೆ ಬಂದ ಬ್ರಿಟನ್ನಿನ ರಾಜಕುಮಾರ ಹ್ಯಾರಿಗೆ ದೇಶದ ಬಾವುಟದ ಚಡ್ಡಿಯಲ್ಲೇ ನಿಂತು ಕೈ ಕುಲುಕಿದವನು ಇವನೇ. ಡ್ಯುಪಾನ್‌ಗೆ ಪಾಸ್ ಇದೆ, ಎರಡೂ ಕಾಲಿನಲ್ಲಿ ಒದೆತ ಇದೆ, ತನಗಿಂತ 30 ಕಿಲೋ ಜಾಸ್ತಿ ಇರುವವನನ್ನು ನಿಲ್ಲಿಸುವ ತಾಕತ್ತೂ ಇದೆ.

ನಾನು ಗಮನಿಸಿ ನೋಡುವುದು ಅವನು ಪಾಸ್ ಕೊಟ್ಟ ಮೇಲೆ ಏನು ಮಾಡುತ್ತಾನೆ ಅನ್ನುವುದನ್ನು. ಉಳಿದವರು ಕೊಟ್ಟು ನಿಲ್ಲುತ್ತಾರೆ. ಇವನು ಕೊಟ್ಟವನ ಒಳಬದಿಗೆ ಓಡುತ್ತಾನೆ. ಅವನು ತಪ್ಪಿಸಿಕೊಂಡು ಮುಂದೆ ಹೋದರೆ ಕೊನೆಯ ಪಾಸ್ ತೆಗೆದುಕೊಳ್ಳಲು ಅಲ್ಲಿ ಇವನೇ ಇರುತ್ತಾನೆ. ತುಣುಕಿನಲ್ಲಿ ಕೊನೆಯ ಹತ್ತು ಮೀಟರ್ ಮಾತ್ರ ತೋರಿಸುತ್ತಾರೆ. ಅದಕ್ಕೆ ಮೊದಲಿನ ನಲವತ್ತು ಮೀಟರ್ ಓಟ ಪೂರ್ತಿ ಮ್ಯಾಚ್ ನೋಡಿದವರಿಗೆ ಮಾತ್ರ.

2021ರಲ್ಲಿ ಶ್ರೇಷ್ಠ ಆಟಗಾರ. 2024ರಲ್ಲಿ ಏಳು ಜನರ ರಗ್ಬಿ ಆಡಲು ಹೋಗಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ತಂದ. ಫಿಜಿ ಮೇಲಿನ ಫೈನಲ್‌ನಲ್ಲಿ ಅರ್ಧ ಆಟ ಮುಗಿದಾಗ 7-7. ಆಗ ಇಳಿದ. ಒಂದು ಟ್ರೈಗೆ ದಾರಿ ಮಾಡಿಕೊಟ್ಟ, ಎರಡು ತಾನೇ ಹೊಡೆದ. 28-7. 15 ಜನರ ಆಟದಲ್ಲಿ ಇಷ್ಟು ಮೇಲಿದ್ದವನು ಏಳು ಜನರ ಆಟಕ್ಕೂ ಹೋಗಿ ಗೆದ್ದುಬರುವುದು ಸುಲಭವಲ್ಲ. ಅಲ್ಲಿ ಓಟದ ಲೆಕ್ಕವೇ ಬೇರೆ.

ಹಿರಿಯರು ಇವನಿಗೆ ಎದುರು ನಿಲ್ಲಿಸುವುದು ವೇಲ್ಸ್‌ನ ಗರೆತ್ ಎಡ್ವರ್ಡ್ಸ್‌ನನ್ನು. 1967ರಿಂದ 1978ರವರೆಗೆ ವೇಲ್ಸ್‌ಗೆ 53 ಟೆಸ್ಟ್, ನಡುವೆ ಒಂದೂ ತಪ್ಪಿಸಲಿಲ್ಲ. 1973ರಲ್ಲಿ ಕಾರ್ಡಿಫ್‌ನಲ್ಲಿ ಬಾರ್ಬೇರಿಯನ್ಸ್ (ಬೇರೆ ಬೇರೆ ಕಡೆಯಿಂದ ಆಟಗಾರರನ್ನು ಕರೆಸಿ ಕಟ್ಟುವ ತಂಡ) ಪರ ನ್ಯೂಜಿಲೆಂಡ್ ಮೇಲೆ ಹೊಡೆದ ಟ್ರೈಯನ್ನು ಇವತ್ತಿಗೂ ಹಾಕಿಕೊಂಡು ನೋಡುತ್ತಾರೆ. ಆಗ ಆಟಕ್ಕೆ ಸಂಬಳ ಇರಲಿಲ್ಲ. ರಗ್ಬಿ ಯೂನಿಯನ್ ದುಡ್ಡಿನ ಆಟವಾದದ್ದು 1995ರಲ್ಲಿ. ಟ್ರೈಗೆ ಆಗ 4 ಅಂಕ, 5 ಆದದ್ದು 1992ರಲ್ಲಿ. ಹಾಗಾಗಿ ಎರಡು ಕಾಲದವರ ಅಂಕ ಪಕ್ಕಪಕ್ಕ ಇಡುವುದು ವ್ಯರ್ಥ. ತನ್ನ ಕಾಲದ ಉಳಿದ 9ರವರಿಗಿಂತ ಎಷ್ಟು ಮುಂದಿದ್ದ ಅಂತ ಮಾತ್ರ ಕೇಳಬಹುದು. ಆ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ.

ಅಂಚಿನ ಓಟಗಾರರು

ಹಾವೇರಿ ಕಡೆ ದೀಪಾವಳಿಯ ಹೋರಿ ಹಬ್ಬ ನೋಡಿದವರಿಗೆ ನ್ಯೂಜಿಲೆಂಡ್‌ನ ಜೋನಾ ಲೋಮುವನ್ನು ವಿವರಿಸಬೇಕಾಗಿಲ್ಲ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಹಿಡಿಯಲು ಬಂದವರು ಇಕ್ಕೆಲಕ್ಕೆ ಉರುಳುತ್ತಾರೆ. 1995ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ಗೆ ಆದದ್ದು ಅದೇ. ನಾಲ್ಕು ಟ್ರೈ. ಮೊದಲನೆಯದಕ್ಕೆ ಮೈಕ್ ಕ್ಯಾಟ್‌ನನ್ನು ತಪ್ಪಿಸಲು ಹೋಗಲಿಲ್ಲ, ಮೇಲೆ ಹತ್ತಿ ಹೋದ. ಎತ್ತರ 1.96 ಮೀಟರ್, ತೂಕ 120 ಕಿಲೋ ಹತ್ತಿರ, ಆದರೂ ವಿಂಗ್‌ನ ವೇಗ. ಅವನು ಬಂದ ಮೇಲೆ ವಿಂಗ್ ಅಂದರೆ ಸಣ್ಣ ಮೈಯವರ ಜಾಗ ಅನ್ನುವ ನಂಬಿಕೆ ಹೋಯಿತು.

ಲೆಕ್ಕದಲ್ಲಿ ಅವನು ಮೇಲಿಲ್ಲ. 63 ಟೆಸ್ಟ್, 37 ಟ್ರೈ. ದಕ್ಷಿಣ ಆಫ್ರಿಕಾ ಮೇಲೆ ಒಂದೂ ಟ್ರೈ ಇಲ್ಲ. ಅದೇ ದಕ್ಷಿಣ ಆಫ್ರಿಕಾದ ವಿಂಗ್ ಬ್ರಯಾನ್ ಹಬಾನ 124 ಟೆಸ್ಟ್‌ಗಳಲ್ಲಿ 67 ಹೊಡೆದಿದ್ದಾನೆ. ಜಪಾನ್‌ನ ದೈಸುಕೆ ಓಹಾತ 58 ಟೆಸ್ಟ್‌ಗಳಲ್ಲಿ 69, ವಿಶ್ವದಾಖಲೆ, ಆದರೆ ಅದರಲ್ಲಿ ಏಷ್ಯಾದ ದುರ್ಬಲ ತಂಡಗಳ ಪಾಲು ಬಹಳ. ಲೋಮುಗೆ ಮೂತ್ರಪಿಂಡದ ದೊಡ್ಡ ಕಾಯಿಲೆ ಇತ್ತು. ಆಟದ ಬಹುಪಾಲು ಅದರ ಜೊತೆಗೇ. 2004ರಲ್ಲಿ ಕಸಿ ಮಾಡಿಸಿಕೊಂಡ, 2015ರಲ್ಲಿ 40ನೇ ವಯಸ್ಸಿಗೆ ತೀರಿಕೊಂಡ. ವಿಶ್ವಕಪ್‌ಗಳಲ್ಲಿ ಅವನದು 15 ಟ್ರೈ. ಹಬಾನ ಅದನ್ನು ಸರಿಗಟ್ಟಲು ಒಂದು ವಿಶ್ವಕಪ್ ಹೆಚ್ಚು ಆಡಬೇಕಾಯಿತು. ವರ್ಷಗಟ್ಟಲೆ ನಂಬಬಹುದಾದವನು ಬೇಕೆಂದರೆ ಹಬಾನ. ಎದುರಾಳಿಗೆ ಹಿಂದಿನ ರಾತ್ರಿಯ ನಿದ್ದೆ ಕೆಡಿಸುವವನು ಬೇಕೆಂದರೆ ಲೋಮು.

ಇವರಿಬ್ಬರಿಗೂ ಸೇರದ ಮೂರನೆಯವನು ಚೆಸ್ಲಿನ್ ಕೋಲ್ಬೆ. ದಕ್ಷಿಣ ಆಫ್ರಿಕಾದವನು, ತೀರಾ ಗಿಡ್ಡ. 400 ಮೀಟರ್ ಓಟದಲ್ಲಿ 43.03 ಸೆಕೆಂಡಿನ ವಿಶ್ವದಾಖಲೆ ಬರೆದ ವೇಡ್ ವಾನ್ ನೀಕರ್ಕ್ ಇವನ ಸಂಬಂಧಿ. ಇವನ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಯಾರೂ ಹೆಸರು ಹೇಳದವರು

ವಿಶ್ವದ ಶ್ರೇಷ್ಠ ಆಟಗಾರ ಪ್ರಶಸ್ತಿ 2001ರಲ್ಲಿ ಶುರುವಾಯಿತು. ಮೊದಲನೆಯದು ಐರ್ಲೆಂಡ್‌ನ ಹುಕರ್, ಅಂದರೆ 2ರ ಅಂಗಿಯ, ಕೀತ್ ವುಡ್‌ಗೆ. ಮತ್ತೊಬ್ಬ ಹುಕರ್‌ಗೆ ಸಿಕ್ಕಿದ್ದು 2025ರಲ್ಲಿ, ದಕ್ಷಿಣ ಆಫ್ರಿಕಾದ ಮಾಲ್ಕಮ್ ಮಾರ್ಕ್ಸ್‌ಗೆ. ನಡುವಿನ ವರ್ಷಗಳಲ್ಲಿ ಅದು ಹೆಚ್ಚಾಗಿ ಒದೆಯುವವರಿಗೆ, ಓಡುವವರಿಗೆ, ಕಸಿಯುವವರಿಗೆ ಹೋಯಿತು. 1 ಮತ್ತು 3ರ ಅಂಗಿಯ ಪ್ರಾಪ್‌ಗಳಿಗೆ 2025ರವರೆಗೂ ಒಮ್ಮೆಯೂ ಬಂದಿಲ್ಲ. ಪ್ರಶಸ್ತಿ ಎಣಿಸಿ ಹೋಲಿಸುವವರು ಇದನ್ನು ನೆನಪಿಡಬೇಕು.

ಗರಡಿ ಮನೆಯ ಮಣ್ಣು ಮೈಗೆ ಹತ್ತಿದವರು ನೇರವಾಗಿ ಸ್ಕ್ರಮ್ ನೋಡಲಿ. ಎರಡೂ ಕಡೆ ಎಂಟೆಂಟು ಜನ, ಒಂದೊಂದು ಕಡೆ 900 ಕಿಲೋ ಆಸುಪಾಸು. ಕುತ್ತಿಗೆ ಎಲ್ಲಿ ಸಿಕ್ಕಿದೆ, ಯಾರ ಸೊಂಟ ಮೇಲೆದ್ದಿದೆ, ಯಾರ ಕಾಲು ಜಾರುತ್ತಿದೆ ಅಂತ ಪೈಲ್ವಾನರಿಗೆ ಹೇಳಿಕೊಡಬೇಕಾಗಿಲ್ಲ. ಲಾಕ್‌ಗಳಲ್ಲಿ 2.03 ಮೀಟರ್‌ನ ಎಬೆನ್ ಎಟ್ಜೆಬೆತ್ ಮತ್ತು ಒಟ್ಟು 170 ಟೆಸ್ಟ್ ಆಡಿದ ವೇಲ್ಸ್‌ನ ಅಲನ್ ವಿನ್ ಜೋನ್ಸ್, ಇಬ್ಬರ ಹೆಸರು ಸಾಕು.

ಹೆಣ್ಣುಮಕ್ಕಳ ಆಟವನ್ನು ಬೇರೆ ಕಪಾಟಿನಲ್ಲಿಡುವ ಕಾಲ ಹೋಯಿತು. 2025ರ ವಿಶ್ವಕಪ್ ಫೈನಲ್‌ಗೆ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ 81,885 ಜನ ಸೇರಿದ್ದರು. ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿತು. ಓಟ ನೋಡಬೇಕೆಂದರೆ ಇಂಗ್ಲೆಂಡ್‌ನ ಎಲೀ ಕಿಲ್ಡನ್, 2024ರ ಶ್ರೇಷ್ಠ ಆಟಗಾರ್ತಿ. ನನಗೆ ಜಾಸ್ತಿ ಹಿಡಿಸಿದ್ದು ಕೆನಡಾದ ಸೋಫಿ ಡಿ ಗೂಡೆ, 2025ರ ಶ್ರೇಷ್ಠ ಆಟಗಾರ್ತಿ. ಆಕೆ ಲಾಕ್. ಅಂಚಿನ ಗೆರೆಯಿಂದ ಚೆಂಡನ್ನು ಒಳಗೆ ಎಸೆಯುವ ಲೈನ್‌ಔಟ್‌ನಲ್ಲಿ ಮೇಲೆ ಹಾರಿ ಚೆಂಡು ಹಿಡಿಯುತ್ತಾಳೆ, ಆಮೇಲೆ ತಂಡದ ಕನ್ವರ್ಷನ್ ಕೂಡ ಆಕೆಯೇ ಒದೆಯುತ್ತಾಳೆ. ಗಂಡಸರ ಆಟದಲ್ಲಿ ಈ ಎರಡು ಕೆಲಸ ಒಬ್ಬನೇ ಮಾಡುವುದು ತೀರಾ ಅಪರೂಪ. ತಂದೆ-ತಾಯಿ ಇಬ್ಬರೂ ಕೆನಡಾ ತಂಡದ ನಾಯಕರಾಗಿದ್ದವರು.

ಎಲ್ಲಿಂದ ಶುರು ಮಾಡಬೇಕು?

ಕಬಡ್ಡಿ ಆಡಿದವರು ಡು ಟಾಯ್ಟ್‌ನನ್ನು ಹಿಡಿಯಿರಿ, ಆಮೇಲೆ ಹಿಂದಕ್ಕೆ ಹೋಗಿ ಮೆಕಾ ನೋಡಿ. ಗದಗ-ಬೆಟಗೇರಿ ಕಡೆ ಹಾಕಿ ಆಡಿ ಬೆಳೆದವರಿಗೆ, ಫುಟ್‌ಬಾಲ್ ನೋಡುವವರಿಗೆ ಡ್ಯುಪಾನ್. ಅಂಕ, ಸರಾಸರಿ ಅಂತ ಕ್ರಿಕೆಟ್ ಲೆಕ್ಕ ಬಿಡದವರಿಗೆ ಕಾರ್ಟರ್. ಮಕ್ಕಳ ಜೊತೆ ಕೂತು ನೋಡುವವರು ಲೋಮು 1995ರ ಸೆಮಿಫೈನಲ್ ಹಾಕಿ, ಹತ್ತು ನಿಮಿಷದಲ್ಲಿ ಮನೆಯವರೆಲ್ಲ ಬಂದು ಕೂರುತ್ತಾರೆ. ಎಲ್ಲರನ್ನೂ ಸೇರಿಸಿ ಒಬ್ಬನೇ ಹೆಸರು ಹೇಳು ಅಂತ ಕುತ್ತಿಗೆ ಹಿಡಿದರೆ ನಾನು ಮೆಕಾ ಅನ್ನುತ್ತೇನೆ. ಇವತ್ತು ಆಡುತ್ತಿರುವವರಲ್ಲಿ ಡ್ಯುಪಾನ್.

ಇಷ್ಟೆಲ್ಲ ಹುಡುಕಲು ಪುರುಸೊತ್ತಿಲ್ಲ, ಒಂದೇ ಮ್ಯಾಚ್ ಹೇಳಿ ಅನ್ನುವವರಿಗೆ 2023ರ ಅಕ್ಟೋಬರ್ 15ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಫ್ರಾನ್ಸ್ ಎದುರು ದಕ್ಷಿಣ ಆಫ್ರಿಕಾ. ಮುಖದ ಮೂಳೆ ಮುರಿದುಕೊಂಡಿದ್ದ ಡ್ಯುಪಾನ್ ಮೂರು ವಾರ ಚಿಲ್ಲರೆಯಲ್ಲಿ ತಲೆಗೆ ಟೋಪಿ ಕಟ್ಟಿಕೊಂಡು ಇಳಿದಿದ್ದ. ಆ ಕಡೆ ಡು ಟಾಯ್ಟ್, ಎಟ್ಜೆಬೆತ್, ಕೋಲ್ಬೆ. ಫ್ರಾನ್ಸ್ ಟ್ರೈ ಹೊಡೆದ ಮೇಲೆ ತೋಮಾ ರಾಮೋಸ್ ಕನ್ವರ್ಷನ್ ಒದೆಯಲು ನಿಂತ. ಒದೆಯುವವನು ಹೆಜ್ಜೆ ಎತ್ತಿದ ಕೂಡಲೇ ಎದುರಾಳಿ ಗೆರೆಯಿಂದ ಓಡಿ ಬರಬಹುದು, ಆದರೆ ತಲುಪುವುದು ಎಲ್ಲಿ? ಕೋಲ್ಬೆ ತಲುಪಿದ. ಹಾರಿ ಎರಡೂ ಕೈಯಿಂದ ಚೆಂಡು ತಡೆದ. 2 ಅಂಕ ಹೋಯಿತು. ಕೊನೆಗೆ ದಕ್ಷಿಣ ಆಫ್ರಿಕಾ ಗೆದ್ದದ್ದು 29-28. ಅಂಕಪಟ್ಟಿಯಲ್ಲಿ ಆ ಓಟಕ್ಕೆ ಕೋಲ್ಬೆ ಹೆಸರಿನ ಮುಂದೆ ಏನೂ ಬರೆದಿಲ್ಲ.

ಈ ಮ್ಯಾಚ್ ನೋಡುವಾಗ ಒಂದು ಗೊಂದಲ ಆಗಬಹುದು. ದಕ್ಷಿಣ ಆಫ್ರಿಕಾದವರು 6 ಮತ್ತು 7ನ್ನು ಅದಲುಬದಲು ಮಾಡುತ್ತಾರೆ. ಅಲ್ಲಿ ನಾಯಕ ಸಿಯಾ ಕೊಲಿಸಿಯ 6 ಅಂದರೆ ಬೇರೆ ದೇಶದ 7. ಡು ಟಾಯ್ಟ್ 7 ಹಾಕಿದ್ದರೂ ಅವನದು ಉಳಿದವರ 6ರ ಕೆಲಸ, ಕಸಿಯುವುದಕ್ಕಿಂತ ಕೆಡವುವುದೇ ಜಾಸ್ತಿ. ಮೆಕಾ ಜೊತೆ ಹೋಲಿಸುವಾಗ ಇದು ತಲೆಯಲ್ಲಿರಲಿ.

ನೇರಪ್ರಸಾರ ನೋಡುವವರಿಗೆ ಹೊತ್ತಿನ ಲೆಕ್ಕ. ನ್ಯೂಜಿಲೆಂಡ್‌ನ ರಾತ್ರಿ ಪಂದ್ಯ ನಮಗೆ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತದೆ. ದಕ್ಷಿಣ ಆಫ್ರಿಕಾದ ಸಂಜೆ 5 ಅಂದರೆ ನಮ್ಮ ರಾತ್ರಿ 8:30. ಯುರೋಪಿನ ಆರು ದೇಶಗಳು ಆಡುವ ಫೆಬ್ರವರಿ-ಮಾರ್ಚ್‌ನ ಸಿಕ್ಸ್ ನೇಷನ್ಸ್‌ನಲ್ಲಿ ಕೆಲವು ಪಂದ್ಯಕ್ಕೆ ನಿದ್ದೆ ಬಿಡಬೇಕು. ಅದರಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯಕ್ಕೆ ಕೊಡುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿಯದು. ಕಲ್ಕತ್ತಾದ ಕ್ಲಬ್ ಮುಚ್ಚಿದಾಗ ಖಾತೆಯಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ್ದು, ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಬಡಿದಾಡುತ್ತಿದ್ದಾರೆ. ಮುಂದಿನ ವಿಶ್ವಕಪ್ 2027ರ ಅಕ್ಟೋಬರ್-ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ, 24 ತಂಡ. ಆಗ ಸಿಡ್ನಿಯ ರಾತ್ರಿ 8 ನಮಗೆ ಮಧ್ಯಾಹ್ನ 2:30. ಶನಿವಾರ-ಭಾನುವಾರ ಆದರೆ ರಜೆಯೂ ಹಾಕಬೇಕಾಗಿಲ್ಲ.